ನೆರೆ

ಬಾಪೂಜಿನಗರದಲ್ಲಿ, ಕೆಂಗೇರಿ ಮೋರಿಯ ಬೆನ್ನಿಗೆ
ಒಂದು ಹಾಸಿಗೆ ಅಂಗಡಿ. ಮಾಲೀಕ ದಸ್ತಗೀರಸಾಬ್ ನದಾಫ್.
ಮಳೆ ನಿಂತ ಮೂರನೇ ದಿನ ನಾನು ಹೋದೆ,
ಟೇಪು, ಟಾರ್ಚು, ಕಂಪನಿಯ ಖಾಲಿ ಫಾರಮು ಹಿಡಿದು.
ವಿಮೆ ಸರ್ವೇಯರ್ ಎಂದರೆ
ಸಾವಿನ ಮನೆಗೆ ತಕ್ಕಡಿ ಹಿಡಿದು ಹೋಗುವವನು.

ಗೋಡೆಯಲ್ಲಿ ನೀರಿನ ಗೆರೆ: ಮೂರಡಿ ಎರಡಿಂಚು.
ಹತ್ತಿ ನೀರು ಕುಡಿದು
ಬಸುರಿ ಎಮ್ಮೆಗಳ ಹಾಗೆ ಮಲಗಿತ್ತು.
ಮೊಳೆಗೆ ತೂಗುಹಾಕಿದ್ದ ಎಕ್ಕುವ ಬಿಲ್ಲು,
ಅವನಜ್ಜ ಗಲ್ಲಿ ಗಲ್ಲಿ ಹೊತ್ತು ತಿರುಗಿದ್ದು,
ಅದರ ನರ ನೆನೆದು ಜೋತಿತ್ತು.
ಸ್ಟಾಕು ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
"ಒಂದನ್ನ ಎತ್ತಿ ನೋಡಿ ಸಾರ್, ನಾಲ್ಕಾಳು ಬೇಕು" ಅಂದ.
ಎತ್ತಲಿಲ್ಲ ನಾನು. ಮೂಸಿದೆ.
ಬರೆದೆ: ಚರಂಡಿ ನೀರು.

ಎರಡೇ ಪದ.
ಬರೆಯುವಾಗ ಕೈಯಲ್ಲಿ ಅವನು ಕೊಟ್ಟ ಚಹಾ ಇತ್ತು,
ಪಕ್ಕದ ಗ್ಯಾರೇಜಿನಿಂದ ತರಿಸಿದ್ದು. ಅವನ ಒಲೆ ಮುಳುಗಿತ್ತು.

ಪಾಲಿಸಿಯಲ್ಲಿ ನೆರೆಗೆ ದುಡ್ಡುಂಟು.
ಚರಂಡಿ ಉಕ್ಕಿದರೆ ಇಲ್ಲ,
ಹದಿನಾಲ್ಕನೇ ಪುಟ, ಸಾಸಿವೆಗಿಂತ ಸಣ್ಣ ಅಕ್ಷರ.
ಕ್ಲೇಮು ತಿರಸ್ಕೃತವಾಯಿತು,
ಕಾಗದದಲ್ಲಿ "ವಿಷಾದದಿಂದ" ಎಂದೇ ಇತ್ತು.

ಆರು ವರ್ಷ.
ಶಾಂತಿನಗರ ಬಸ್ ಸ್ಟ್ಯಾಂಡಿನ ಬಳಿ, ಲಿಫ್ಟು ಕೆಟ್ಟ ಕಟ್ಟಡದಲ್ಲಿ
ವಾಯಿದೆಯ ಮೇಲೆ ವಾಯಿದೆ.
ಒಮ್ಮೆ ಕೋರಂ ಇಲ್ಲ, ಒಮ್ಮೆ ವಕೀಲರ ಮೊಮ್ಮಗಳ ನಾಮಕರಣ,
ಒಮ್ಮೆ ಫೈಲೇ ಇಲ್ಲ.
ನದಾಫ್ ಬರುತ್ತಿದ್ದ,
ಅಂಗಿಗಂಟಿದ ಅರಳೆ ಬಿಡಿಸಿಕೊಳ್ಳುತ್ತ.
ನನ್ನ ಕಂಡರೆ ನಮಸ್ಕಾರ ಹೇಳುತ್ತಿದ್ದ. ಅದೇ ಕಷ್ಟ.

ಪಾಟೀಸವಾಲಿಗೆ ನನ್ನನ್ನು ಕರೆಸಿದರು ಕೊನೆಗೆ.
ಅವನ ವಕೀಲೆ ಫಿಲೋಮಿನಾ ಕೇಳಿದರು:
"ಮೋರಿಯ ನೀರು ಮೇಲಿಂದ ಬಿದ್ದದ್ದೋ, ಒಳಗೇ ಹುಟ್ಟಿದ್ದೋ?"
"ಎರಡೂ ಸೇರಿತ್ತು."
"ಯಾವುದು ಎಷ್ಟು? ಅಳೆದಿರಾ?"
ಗೋಡೆ ಅಳೆದಿದ್ದೆ.
"ಮೂಸಿದಿರಿ. ಮೂಗಿಗೂ ಲೈಸೆನ್ಸು ಕೊಡ್ತಾರಾ?"
ಹಿಂದೆ ಯಾರೋ ನಕ್ಕರು. ನದಾಫ್ ನಗಲಿಲ್ಲ.

ಆದೇಶದ ದಿನ ಅಧ್ಯಕ್ಷರು ಓದಿದ್ದು ಕಡೆಯ ಪುಟ ಮಾತ್ರ.
ಪೂರ್ತಿ ನಾನು ಮನೆಯಲ್ಲಿ ಓದಿದೆ, ಕನ್ನಡಕ ಒರೆಸಿ ಒರೆಸಿ.
ಇಪ್ಪತ್ತೆರಡನೇ ಪ್ಯಾರಾ:
"ಮೋರಿ ಹಾದು ಬಂದ ಮಾತ್ರಕ್ಕೆ
ಮಳೆ ಮಳೆಯಲ್ಲದೆ ಹೋಗುವುದಿಲ್ಲ.
ಪದಕ್ಕೆ ಎರಡರ್ಥವಿದ್ದಲ್ಲಿ ಅದರ ಭಾರ ಬರೆದವರದು."

ಬರೆದವರದು.
ಕಂಪನಿಗೆ ಹೇಳಿದ ಮಾತು. ನನಗೆ ಬಂದು ತಗುಲಿತು.

ನೆರೆ ಎಂದರೆ ಉಕ್ಕಿ ಬಂದ ನೀರು.
ಪಕ್ಕದ ಮನೆಯೂ ನೆರೆ,
ಒಲೆ ಮುಳುಗಿದವನಿಗೆ ಚಹಾ ಕಳಿಸಿದ ಆ ಗ್ಯಾರೇಜು.
ತಲೆಯ ಬಿಳುಪಿಗೂ ಅದೇ ಹೆಸರು,
ನಮ್ಮಿಬ್ಬರಿಗೂ ಅದು ಬಂದದ್ದು ಶಾಂತಿನಗರದ ಮೆಟ್ಟಿಲ ಮೇಲೆ,
ಯಾವ ಕಲಮನ್ನೂ ಕೇಳದೆ.

ದುಡ್ಡು ಬಂತು, ಶೇಕಡಾ ಎಂಟರ ಬಡ್ಡಿ ಸೇರಿ,
ಹನ್ನೊಂದು ಸಾವಿರದ ನಾನೂರು ಕಳೆದು.
ನೆನೆದ ಹತ್ತಿಯ ಉಳಿಕೆ ಬೆಲೆಯಂತೆ. ಆ ಅಂಕಿಯೂ ನನ್ನದೇ.
ಯಾರೂ ಕೊಳ್ಳಲಿಲ್ಲ ಅದನ್ನು.
ತಾರಸಿಯಲ್ಲಿ ಹದಿನೇಳು ಬಿಸಿಲು ಒಣಗಿಸಿ, ಮತ್ತೆ ಎಕ್ಕಿ,
ತನಗೇ ಒಂದು ಹಾಸಿಗೆ ಹೊಲಿದುಕೊಂಡ.

ಕಳೆದ ವಾರ ಬೇರೆ ಕ್ಲೇಮಿಗೆಂದು ಆ ಕಡೆ ಹೋಗಿದ್ದೆ.
ಕಂಡು, ಒಳಗೆ ಕರೆದ.
ಗೋಡೆಗೆ ಹೊಸ ಸುಣ್ಣ,
ಅದರಡಿಯಿಂದ ಗೆರೆ ಮತ್ತೆ ಎದ್ದಿದೆ.
"ಕೂತ್ಕೊಳ್ಳಿ ಸಾರ್. ಮಳೆ ಕಟ್ಟಿದಾಗ
ನನ್ನ ಹಾಸಿಗೆ ಇನ್ನೂ ವಾಸನೆ ಬರ್ತದೆ.
ನೀವೇ ಹೇಳಿ, ಯಾವ ನೀರಿಂದು?"

ಕೂತೆ.
ನಾಯಂಡಹಳ್ಳಿ ಕಡೆಯಿಂದ ಮೋಡ ಕಪ್ಪಾಗಿ ಬರುತ್ತಿತ್ತು.
ಟೇಪು ಜೇಬಿನಲ್ಲೇ ಇತ್ತು.